ಒಂದೇ ಲೆಕ್ಕ, ಬೇರೆ ಬೇರೆ ಕಾಟಾ

ಕಳೆದ ವಾರ ಬಸ್ಸು ಗಂಗಾವತಿ ಬಳಿಯ ಸಿದ್ದಾಪುರ ದಾಟುವಾಗ ಅಕ್ಕಿ ಮಿಲ್ಲುಗಳಲ್ಲಿ ಬೇಯಿಸಿದ ಭತ್ತದ ಹುಳಿವಾಸನೆ ಕಿಟಕಿಯಿಂದ ಒಳಗೆ ಬಂತು. ಜೊತೆಗೆ ಕೆಲಸ ಮಾಡುತ್ತಿದ್ದ, ನಾನು ಅಕ್ಕ ಎಂದೇ ಕರೆಯುತ್ತಿದ್ದ ಹಿರಿಯರು ನೆನಪಾದರು...

ಗಂಗಾವತಿಯ ಸಣ್ಣ ಕಚೇರಿಯಲ್ಲಿ ನಾವಿಬ್ಬರೂ ಮಿಲ್ಲುಗಳಿಗೆ ತೂಕದ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆವು. ಭತ್ತದ ಟ್ರ್ಯಾಕ್ಟರ್ ಕಾಟಾದ ಮೇಲೆ ನಿಂತರೆ ತೂಕ ತಾನಾಗಿ ಕಂಪ್ಯೂಟರಿಗೆ ಬಂದು ಚೀಟಿ ಅಚ್ಚಾಗಬೇಕು, ಅಷ್ಟೇ. ಆದರೆ ಒಂದು ಮಿಲ್ಲಿನಲ್ಲಿ ಇಂಟರ್ನೆಟ್ಟೇ ಇಲ್ಲದ ಹಳೆಯ ಕಂಪ್ಯೂಟರ್. ಇನ್ನೊಂದರ ಲೆಕ್ಕವೆಲ್ಲ ದೂರದ ಸರ್ವರಿನಲ್ಲಿ. ಮತ್ತೊಬ್ಬ ಸಾಹುಕಾರರಿಗೆ ಮೊಬೈಲಿನಲ್ಲೇ ಬೇಕು. ಹೀಗಾಗಿ ಮಿಲ್ಲಿಗೊಂದು ಪ್ರತಿ ಮಾಡಿ, ಒಂದೊಂದನ್ನೂ ಬೇರೆಯಾಗಿ ತಿದ್ದುತ್ತಿದ್ದೆವು.

ಒಂದು ಸುಗ್ಗಿಯಲ್ಲಿ ಇದರಿಂದ ಬೇಸತ್ತು ಎಲ್ಲರಿಗೂ ಒಂದೇ ಹೊಸ ಪ್ರತಿ ಹಾಕಿದೆವು. ಮರುದಿನವೇ ಸಿದ್ದಾಪುರದ ಮಿಲ್ಲಿನಲ್ಲಿ ಚೀಟಿ ಬರುವುದು ನಿಂತಿತು. ನಾವು ಹೋಗುವಷ್ಟರಲ್ಲಿ ಟ್ರ್ಯಾಕ್ಟರುಗಳ ಸಾಲು ರಸ್ತೆಗೆ ಬಂದಿತ್ತು. ಮೋಡ ಬೇರೆ ಕಟ್ಟಿತ್ತು.

“ಅಕ್ಕಾರ, ಭತ್ತ ತೊಯ್ದರ ರೈತರು ನನ್ನ ಬಿಡ್ತಾರೇನ್ರಿ?” ಎಂದರು ಆ ಮಿಲ್ಲಿನ ಸಾಹುಕಾರರು.

“ಮೊದಲ ಹಳೇದನ್ನ ಹಾಕಿ ನಡಸ್ತೀನ್ರಿ. ಯಾಕ ನಿಂತ್ತಂತ ಆಮ್ಯಾಲ ನೋಡ್ತೀನಿ” ಎಂದರು ಅಕ್ಕ.

ಗಾಡಿಗಳು ಸರಿದವು. ನಾನು ಹೊರಟು ನಿಂತರೂ ಅಕ್ಕ ಕದಲಲಿಲ್ಲ. ಕಾಟಾದ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನೋಡುತ್ತ, ಹಮಾಲರನ್ನು ವಿಚಾರಿಸುತ್ತ ಮಧ್ಯಾಹ್ನದವರೆಗೆ ಅಡ್ಡಾಡಿದರು. ಕೊನೆಗೆ ತಿಳಿಯಿತು: ಆ ಕಾಟಾ ತೂಕದ ಅಂಕಿಗಳನ್ನು ತಿರುಗಾಮುರುಗಾ ಮಾಡಿ, ಕಡೆಯದನ್ನು ಮೊದಲು ಕಳಿಸುತ್ತಿತ್ತು. ಹಳೆಯ ಪ್ರತಿಯಲ್ಲಿ ಅದಕ್ಕೆ ತಿದ್ದುಪಡಿ ಇತ್ತು, ಹೊಸದರಲ್ಲಿ ಬಿಟ್ಟುಹೋಗಿತ್ತು; ತೂಕ ತಪ್ಪೆಂದು ಅದು ಚೀಟಿಯನ್ನೇ ತಡೆಹಿಡಿದಿತ್ತು.

“ನೋಡ ತಂಗಿ,” ಅಕ್ಕನ ಮುಖ ಅರಳಿತ್ತು. “ಲೆಕ್ಕ ಎಲ್ಲಾರಿಗೂ ಒಂದ ಐತಿ. ಕಾಟಾ, ಕಂಪ್ಯೂಟರ್ ಬ್ಯಾರೆ. ಬ್ಯಾರೆ ಇರೂದನ್ನಷ್ಟ ಹೊರಗ ತಗದಿಡೂಣು.”

ಅದಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ಲೆಕ್ಕದ ಭಾಗ ಎಲ್ಲರಿಗೂ ಒಂದೇ ಆಯಿತು. ಯಾವ ಕಾಟಾ, ಯಾವ ಕಂಪ್ಯೂಟರ್, ಇಂಟರ್ನೆಟ್ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ಪ್ರತಿ ಮಿಲ್ಲಿಗೂ ಒಂದು ಸಣ್ಣ ಫೈಲಿನಲ್ಲಿ ಬೇರೆ ಇಟ್ಟೆವು. ಮುಂದಿನ ಸುಗ್ಗಿಯಲ್ಲಿ ಒಂದೇ ಸಲ ತಿದ್ದಿ ಎಲ್ಲ ಕಡೆ ಹಾಕಿದೆ. ಯಾವ ಮಿಲ್ಲೂ ನಿಲ್ಲಲಿಲ್ಲ.

ಆಗ ಅಕ್ಕ ಕಾಯಿಲೆ ಬಿದ್ದು ಕೊಪ್ಪಳದ ಆಸ್ಪತ್ರೆಯಲ್ಲಿದ್ದರು. ಸುದ್ದಿ ಹೇಳಲು ಓಡಿದೆ. ಅವರು ಪೂರ್ತಿ ಕೇಳಿ, “ಕುಷ್ಟಗಿ ಮಿಲ್ಲಿನವರು ಹೊಸಾ ಕಾಟಾ ತಂದಾರಂತಲ್ಲ, ಅದು ಅಂಕಿ ಹ್ಯಾಂಗ ಕಳಸ್ತೈತಿ?” ಎಂದರು. ನೋಡಿಬಂದು ಹೇಳುತ್ತೇನೆ ಎಂದೆ... ನಾನು ಕುಷ್ಟಗಿಗೆ ಹೋಗಿ ಬರುವಷ್ಟರಲ್ಲಿ ಅವರಿರಲಿಲ್ಲ.

ಈಗ ಕಚೇರಿಯನ್ನು ನಾನೊಬ್ಬಳೇ ನೋಡಿಕೊಳ್ಳುತ್ತೇನೆ. ಯಲಬುರ್ಗಾದ ಬೇಳೆ ಮಿಲ್ಲಿನವರು ತಂತಿಯೇ ಇಲ್ಲದ ಕಾಟಾ ತಂದಿದ್ದಾರೆ; ನಾಳೆ ನೋಡಲು ಹೋಗಬೇಕು. ಅದು ಹೇಗೆ ನಡೆಯುತ್ತದೋ ನನಗಿನ್ನೂ ತಿಳಿಯದು. ತಿಳಿದ ಮೇಲೆ ಯಾರಿಗೆ ಹೇಳಬೇಕೆಂಬುದೂ ತಿಳಿಯದು.