ಒಂದು ಬೆರಳಷ್ಟು ದೊಡ್ಡದು

ಅಮೆರಿಕದ ಪೂರ್ವದಂಚಿನ ವರ್ಮಾಂಟಿನ ಕೆಜಾಯಜ್ಜಿ, ದೂರದ ಪಶ್ಚಿಮದ ಅಯೋವಾದಲ್ಲಿರುವ ಮಗಳು ಲೊವೈನಾಗೆ ಕಾಗದ ಬರೆಯಲು ಕೂತಳೆಂದರೆ, ಒಲೆಯ ಮೇಲಿನ ಬೀನ್ಸ್ ಸೀದರೂ ಏಳುವವಳಲ್ಲ. ಎರಡನೇ ಹಾಳೆಗೆ ಅಂಚೆಯವರು ಮತ್ತೆ ದುಡ್ಡು ಕೇಳುತ್ತಾರೆಂದು, ಒಂದೇ ಹಾಳೆಯನ್ನು ಅಡ್ಡಕ್ಕೆ ತುಂಬಿಸಿ, ಆಮೇಲೆ ತಿರುಗಿಸಿ ಆ ಸಾಲುಗಳ ಮೇಲೆಯೇ ಉದ್ದಕ್ಕೆ ಬರೆದು, ಅಂಚಿನಲ್ಲಿ ಉಳಿದ ಚೂರು ಜಾಗಕ್ಕೆ ಹಸು ಕರು ಹಾಕಿದ ಸುದ್ದಿಯನ್ನು ತುರುಕುತ್ತಾಳೆ. "ಇದೇನು ಕಾಗದಾನೋ, ಜರಡೀನೋ?" ಎಂದು ಗಂಡ ಏಸಹೆಲ್ ಕೆಣಕುತ್ತಾನೆ. "ನಿಮ್ಮ ಜೊತೆ ಮೂವತ್ತು ವರ್ಷ ಬಾಳಿದವಳ ಮಗಳು ರೀ, ಎಂಥ ಗೋಜಲನ್ನೂ ಬಿಡಿಸ್ತಾಳೆ" ಎನ್ನುತ್ತಾಳೆ ಅವಳು. ಲೊವೈನಾಳ ಕಾಗದ ಬಂದರಂತೂ ಚರ್ಚಿನ ಮೆಟ್ಟಿಲ ಮೇಲೆ ನಿಂತು ಊರಿಗೆಲ್ಲ ಓದಿ, ಅಳಿಯನ ಕೆಮ್ಮಿಗೆ ಅಲ್ಲೇ ನಾಲ್ಕು ಮನೆಮದ್ದು ಕೇಳಿಕೊಂಡು ಬರುತ್ತಾಳೆ. ಪ್ರತಿ ಕಾಗದದ ಕೊನೆಯಲ್ಲಿ ಲೊವೈನಾ ತನ್ನ ಮಗುವಿನ ಅಂಗೈ ಇಟ್ಟು ಸುತ್ತ ಗೆರೆ ಎಳೆದಿರುತ್ತಾಳೆ. ಆ ಗೆರೆಯ ಅಳತೆಗೆ ಅಜ್ಜಿ ಉಣ್ಣೆಯ ಕೈಗವಸು ಹೆಣೆದು, ಪಶ್ಚಿಮಕ್ಕೆ ಹೊರಟವರ ಬಂಡಿಯಲ್ಲಿ ಕಳಿಸುತ್ತಾಳೆ. ಆದರೆ ಯಾವಾಗಲೂ ಒಂದು ಬೆರಳಷ್ಟು ದೊಡ್ಡದು. "ಅಳತೆ ತಪ್ತಲ್ಲೇ!" ಎಂದರೆ, "ಬಂಡಿ ಮುಟ್ಟೋ ಹೊತ್ತಿಗೆ ಮಗು ಬೆಳೆದಿರತ್ತೆ ರೀ" ಎಂಬುದೊಂದೇ ಉತ್ತರ. ಅವಳ ಬೈಬಲಿನ ಒಳಗೆ ಇನ್ನೂ ಎರಡು ಪುಟ್ಟ ಅಂಗೈಗಳ ಕಾಗದವಿರುವುದು ಏಸಹೆಲ್‌ಗೆ ಗೊತ್ತು. ಅವು ಲೊವೈನಾಳ ಮೊದಲಿನ ಕೂಸುಗಳವು, ಗವಸು ಮುಟ್ಟುವ ಮೊದಲೇ ತೀರಿಕೊಂಡವು. ಮೊನ್ನೆ ಬಂದ ಕಾಗದದಲ್ಲಿ ಅಂಗೈಯ ಪಕ್ಕ ಒಂದು ಸಾಲಿತ್ತು: "ಅಮ್ಮಾ, ನೀನು ಕಳಿಸಿದ ಗವಸು ಆಗಲೇ ಬಿಗಿಯಾಗ್ತಿದೆ." ಅಜ್ಜಿ ಆ ಸಾಲಿನ ಮೇಲೆ ಬೆರಳಿಟ್ಟು ಕೂತೇಬಿಟ್ಟಳು. ಬೀನ್ಸ್ ಸೀದ ವಾಸನೆ ಬಂತು. ಏಸಹೆಲ್ ತಾನೇ ಎದ್ದುಹೋಗಿ ಪಾತ್ರೆ ಇಳಿಸಿದ.