ಹನ್ನೆರಡು ಕಪ್ಪು ಚುಕ್ಕೆ

ಬೆಂಗಳೂರಿನ ಪೀಣ್ಯ ಎರಡನೇ ಹಂತದಲ್ಲಿ ಚಿಕ್ಕಮುನಿಯಮ್ಮನವರ ಕಟ್ಟಡದ ಕೆಳಗೆ ಶೇಖರಪ್ಪನವರ ಬ್ರೌಸಿಂಗ್ ಸೆಂಟರ್ ಇತ್ತು. ನಾಲ್ಕು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್, ತಿರುಗುವುದಕ್ಕಿಂತ ಹೆಚ್ಚು ಗೊಣಗುವ ಒಂದು ಫ್ಯಾನ್. ೨೦೦೬ರಲ್ಲಿ ನಾನು ಹುನಗುಂದದ ಕಡೆಯಿಂದ ಬಂದು ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಕೆಲಸಕ್ಕೆ ಸೇರಿದಾಗ, ಇಮೇಲ್ ಐಡಿ ಇಲ್ಲದವನ ಅರ್ಜಿಯನ್ನು ದೊಡ್ಡ ಕಂಪನಿಗಳು ಮೂಸಿಯೂ ನೋಡುತ್ತಿರಲಿಲ್ಲ. ನಮ್ಮಂಥವರಿಗೆಲ್ಲ ಐಡಿ ಮಾಡಿಕೊಡುತ್ತಿದ್ದವರು ಶೇಖರಪ್ಪ.

ಅವರು ಮೊದಲು ಕಾರ್ಖಾನೆಯೊಂದರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವರು. ಕಣ್ಣು ಪರದೆಯ ಮೇಲೆ, ದವಡೆಯಲ್ಲಿ ಅಡಿಕೆ ಚೂರು, ಬೆರಳು ಮಾತ್ರ ಜೋಳ ಹುರಿದ ಹಾಗೆ ಪಟಪಟ. ಹೆಸರು, ಊರು, ಹುಟ್ಟಿದ ತಾರೀಖು ಎಲ್ಲ ನೀವು ಬಾಯಿ ಮುಚ್ಚುವುದರೊಳಗೆ ಹೊಡೆದಾಗಿರುತ್ತಿತ್ತು. ಪಾಸ್‌ವರ್ಡಿನ ಜಾಗ ಬಂತೆಂದರೆ ಆ ಕೈ ನಿಲ್ಲುತ್ತಿತ್ತು. ಕೀಬೋರ್ಡನ್ನು ನಮ್ಮ ಕಡೆ ತಳ್ಳಿ, "ಇದನ್ನ ನೀವೇ ಹೊಡೀರಿ, ನಾನ್ ಹೇಳ್ತೀನಿ" ಅನ್ನುತ್ತಿದ್ದರು. ಆಮೇಲೆ ಒಂದೊಂದೇ ಅಕ್ಷರ: "ಎನ್. ಇ. ಇನ್ನೊಂದು ಇ. ಎಲ್. ಎ..."

ನೀಲಾಂಬಿಕಾ, ಕೊನೆಗೆ ಎಂಬತ್ತೆಂಟು. ನನಗೂ ಅದೇ, ನನ್ನ ಹಿಂದೆ ನಿಂತವನಿಗೂ ಅದೇ, ನಾಳೆ ಬರುವವನಿಗೂ ಅದೇ. ಯಾಕೆ ಸಾರ್ ಎಂದರೆ, "ನೀವು ಮರೀತೀರ, ಮಾರನೇ ದಿನ ಬಂದು ನನ್ ತಲೆ ತಿಂತೀರ. ಇದನ್ನ ನಾನಂತೂ ಮರೆಯಲ್ಲ" ಅನ್ನುತ್ತಿದ್ದರು. ಅದೂ ಸುಳ್ಳಲ್ಲ. ರೂಮಿನ ಬೀಗದ ಕೈ ಎಲ್ಲಿಟ್ಟೆವೆಂದೇ ನೆನಪಿರದ ಜನ ನಾವು.

ಹೀಗಾಗಿ ದಿನವಿಡೀ ಆ ಅಂಗಡಿಯಲ್ಲಿ ಅದೊಂದೇ ಜಪ. ಲೇತ್ ಕೆಲಸದವರು, ಪ್ಯಾಕಿಂಗ್ ಹುಡುಗಿಯರು, ಸೆಕ್ಯೂರಿಟಿಯವರು, ಎಲ್ಲರೂ ತುಟಿ ಅಲುಗಿಸುತ್ತ ಎನ್, ಇ, ಇ ಎಂದು ಹುಡುಕಿ ಹುಡುಕಿ ಒತ್ತುವರು. ಪರದೆಯ ಮೇಲೆ ಹೆಸರೇನೂ ಕಾಣುವುದಿಲ್ಲ; ಹನ್ನೆರಡು ಕಪ್ಪು ಚುಕ್ಕೆ ಮಾತ್ರ. ಗಾರ್ಮೆಂಟ್ಸಿನ ಮರೆವ್ವ ಪ್ರತಿ ಸಲವೂ ಒತ್ತಿ ಮುಗಿಸಿ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಒಂದು ದಿನ ಕೇಳಿಯೂ ಬಿಟ್ಟಳು: "ಸರ, ಈ ಅವ್ವನ ಗುಡಿ ಎಲ್ಲಿ ಐತ್ರಿ?"

ಶೇಖರಪ್ಪ ಜೆರಾಕ್ಸ್ ಮೆಷಿನ್ನಿನ ಮುಚ್ಚಳ ಎತ್ತಿ, ಮತ್ತೆ ಇಳಿಸಿ, "ಗುಡಿ ಇಲ್ಲಮ್ಮಾ" ಎಂದರು.

ನನ್ನದು ಕೆದಕುವ ಸ್ವಭಾವ. ಚಿಕ್ಕಮುನಿಯಮ್ಮ ಹಾಲಿನ ಕ್ಯಾನು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಾಗ ವಿಚಾರಿಸಿದೆ. ಆಕೆ ತುಮಕೂರು ರಸ್ತೆಯ ಕಡೆ ಕೈ ತೋರಿಸಿದರು.

"ಅವ್ರ ಮಗಳ ಎಸ್ರು ಕಣಪ್ಪ ಅದು. ಒಬ್ಳೇ ಮಗಳು, ಎಂಬತ್ತೆಂಟ್ರಲ್ಲಿ ಉಟ್ಟಿದ್ದು. ಅದಿನಾರು ವರ್ಸ. ಅಗೋ ಅಲ್ಲೇ ರೋಡ್ ದಾಟ್ತಿದ್ಲು, ಲಾರಿ ಬಂದು ಒಡ್ದ್ಬುಡ್ತು. ಆ ಗೋಡೆ ಪಕ್ಕದ್ ಕಂಪ್ಯೂಟ್ರು ಅವ್ಳಿಗೇಂತಲೇ ತಂದಿದ್ದು."

ಗೋಡೆ ಪಕ್ಕದ ಕಂಪ್ಯೂಟರಿನ ಅಂಚಿನಲ್ಲಿ ಸಣ್ಣ ಚೀಟಿಯೊಂದು ಅಂಟಿಸಿತ್ತು. 'ನೀಲಾಳದ್ದು, ಮುಟ್ಟಬೇಡಿ' ಎಂದು ದುಂಡಗೆ ಬರೆದಿತ್ತು. ಅದು ಆ ಹುಡುಗಿಯ ಕೈಬರಹವೆಂದು ತಿಳಿಯದೆ, ಅಂಗಡಿಯವರದೇನೋ ಹಳೆಯ ಚೀಟಿ ಅಂದುಕೊಂಡು ಎರಡು ವರ್ಷ ಅದರ ಮುಂದೆಯೇ ಕೂತವನು ನಾನು.

ನನಗೆ ಮೊದಲು ಬಂದದ್ದು ಸಿಟ್ಟು. ಸತ್ತ ಹುಡುಗಿಯನ್ನು ಈ ಮನುಷ್ಯ ನಮ್ಮ ತಲೆಗೆ ಕಟ್ಟಿದ್ದಾರಲ್ಲ! ಮುಖ ಕಾಣದ ಆ ಮಗುವನ್ನು ನಾನು ವಾರಕ್ಕೆರಡು ಸಲ ಹೆಸರು ಹಿಡಿದು ಕರೆಯುತ್ತಿದ್ದೆ. ಅಲ್ಲಿಂದ ಮುಂದೆ ಎನ್ ಒತ್ತುವಾಗಲೆಲ್ಲ ಬೆನ್ನ ಹಿಂದೆ ಯಾರೋ ಬಂದು ನಿಂತಂತಾಗುತ್ತಿತ್ತು. ಹಾಡಹಗಲು, ಹೊರಗೆ ಲಾರಿಗಳ ಸದ್ದು, ಆದರೂ ಹೆದರಿಕೆ. ತಿರುಗಿ ನೋಡಿದರೆ ಶೇಖರಪ್ಪ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಗಿರಾಕಿಗಳ ಬಾಯಿಂದ ಅಕ್ಷರ ಒಂದೊಂದಾಗಿ ಬರುವುದನ್ನೇ ಕೇಳುತ್ತಿದ್ದರು. ಪಾಸ್‌ವರ್ಡ್ ಬದಲಾಯಿಸೋಣವೆಂದು ಎಷ್ಟೋ ಸಲ ಹೊರಟು, ಆ ಮುಖ ನೋಡಿ ಸುಮ್ಮನಾದೆ. ಎಲ್ಲರದೂ ಒಂದೇ, ಇದು ಅಪಾಯ ಎಂದು ನನಗೆ ಗೊತ್ತಿತ್ತು. ಬಾಯಿಬಿಡಲಿಲ್ಲ. ಆ ತಪ್ಪು ನನ್ನದೂ ಹೌದು.

೨೦೧೦ರಲ್ಲಿ ಆಗಬಾರದ್ದು ಆಯಿತು. ಬಸಲಿಂಗ ಎಂಬ ಲೇತ್ ಟರ್ನರ್ ಐದು ವರ್ಷ ಕಾಂಟ್ರ್ಯಾಕ್ಟಿನಲ್ಲಿ ಸವೆದು, ಕಾಯಂ ಕೆಲಸಕ್ಕೆ ಅರ್ಜಿ ಹಾಕಿದ್ದ. ಅದೇ ಕೆಲಸಕ್ಕೆ ಅವನ ರೂಮಿನವನೇ ಆದ ಈಶಪ್ಪನೂ ಹಾಕಿದ್ದ. ಬಸಲಿಂಗನ ಇಂಟರ್‌ವ್ಯೂ ಕರೆ ಮೇಲ್‌ನಲ್ಲಿ ಬಂದದ್ದನ್ನು ಈಶಪ್ಪ ಅವನಿಗಿಂತ ಮೊದಲೇ ತೆರೆದು, ಓದಿ, ಅಳಿಸಿಹಾಕಿದ. ಸಿಕ್ಕಿಬಿದ್ದ ಮೇಲೆ ಒಪ್ಪಿಕೊಂಡ: "ನನ್ ಪಾಸ್‌ವರ್ಡನ್ನೇ ಹಾಕಿ ನೋಡ್ದೆ, ತಕ್ಕೊಂಡ್ತು."

ಬಸಲಿಂಗ ಅಂಗಡಿಗೆ ಬಂದಾಗ ನಾನೂ ಅಲ್ಲಿದ್ದೆ. ಕೂಗಾಡುತ್ತಾನೆ ಅಂದುಕೊಂಡೆ. ಅವನು ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಬಂದು ಮೆಲ್ಲಗೆ ಕೇಳಿದ: "ಸರ, ಎಲ್ಲಾರಿಗೂ ಒಂದ ಕೀಲಿ ಕೊಟ್ರೇನ್ರಿ?"

ಅವನು ಕೂಗಾಡಿದ್ದರೇ ಒಳ್ಳೆಯದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮಾರನೇ ದಿನ ಬಾಗಿಲಿಗೆ ಬೋರ್ಡು ಬಿತ್ತು: ಎಲ್ಲರೂ ಬಂದು ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ. ಅವರ ಹತ್ತಿರ ಒಂದು ಪುಸ್ತಕದಲ್ಲಿ ಇನ್ನೂರ ಹತ್ತು ಜನರ ಐಡಿ, ಮೊಬೈಲ್ ನಂಬರ್ ಇತ್ತು. ಒಬ್ಬೊಬ್ಬರಿಗೂ ಫೋನ್ ಮಾಡಿದರು. ಊರಿಗೆ ಹೋಗಿದ್ದವರಿಗೆ ಅಲ್ಲಿನ ಸೆಂಟರಿಗೆ ಹೋಗಲು ಹೇಳಿ ಫೋನಿನಲ್ಲೇ ಕಲಿಸಿದರು. "ಹೊಸದನ್ನ ನನಗೆ ಹೇಳ್ಬೇಡಿ. ಯಾರಿಗೂ ಹೇಳ್ಬೇಡಿ. ನಿಮಗೆ ಮಾತ್ರ ಗೊತ್ತಿರೋ ಮಾತು ಯಾವ್ದಾದ್ರೂ ಹಾಕ್ಕೊಳಿ, ಮಧ್ಯೆ ನಾಲ್ಕು ಅಂಕಿ ಸೇರಿಸಿ" ಎಂದು ಹೇಳಿ, ಅವರು ಒತ್ತುವಷ್ಟು ಹೊತ್ತೂ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಆಮೇಲೆ ಪುಸ್ತಕದಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆಯುತ್ತಿದ್ದರು. ಮೆಷಿನ್ ಹಳೆಯದನ್ನು ಒಮ್ಮೆ ಹಾಕಿಸಿಕೊಳ್ಳದೆ ಹೊಸದನ್ನು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ನನ್ನೊಬ್ಬನನ್ನು ಬಿಟ್ಟು ಉಳಿದ ಇನ್ನೂರ ಒಂಬತ್ತು ಜನ ಕೊನೆಯ ಸಲ ಒಬ್ಬೊಬ್ಬರಾಗಿ ಆ ಹುಡುಗಿಯ ಹೆಸರು ಒತ್ತಿದರು. ಅಂಗಡಿಯಲ್ಲಿ ಜಪ ದಿನದಿನಕ್ಕೆ ಕಡಿಮೆಯಾಯಿತು.

ನಾನು ಅಷ್ಟರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸ ಬದಲಾಯಿಸಿದ್ದೆ. ದೂರದ ನೆಪ ಹೇಳಿ ನಾಲ್ಕು ತಿಂಗಳು ತಳ್ಳಿದೆ. ಕೊನೆಗೆ ಅವರೇ ಫೋನ್ ಮಾಡಿದರು. "ಚನಬಸಪ್ಪಾ, ನಿಂದೊಂದೇ ಉಳ್ದಿರೋದು."

ಭಾನುವಾರ ಮಧ್ಯಾಹ್ನ ಹೋದೆ. ಗೋಡೆ ಪಕ್ಕದ ಕಂಪ್ಯೂಟರ್ ಒಂದನ್ನೇ ಹಾಕಿಟ್ಟು ಕಾಯುತ್ತಿದ್ದರು. ಕೂತೆ. ಹಳೆಯ ಪಾಸ್‌ವರ್ಡಿನ ಜಾಗ ಬಂತು. ಬೆರಳು ಮೇಲೇಳಲಿಲ್ಲ. ಸುಮ್ಮನೆ ಹೊತ್ತು ಕಳೆಯಲು, "ಸರ, ನಿಮ್ಮ ಸ್ವಂತದ್ದು ಬದಲಾಯಿಸಿದ್ರಿ?" ಎಂದೆ.

"ನಂದು ಮೊದ್ಲಿಂದಾನೂ ಬೇರೆ ಕಣಪ್ಪಾ."

ನಾನು ಅವರ ಮುಖ ನೋಡಿದೆ.

"ಅವ್ಳು ಹೋದ್ಮೇಲೆ ಆ ಹೆಸ್ರು ನನ್ ಕೈಲಿ ಹೊಡೆಯೋಕಾಗ್ಲಿಲ್ಲ. ಒಂದ್ಸಲಾನೂ ಆಗ್ಲಿಲ್ಲ. ಅದಕ್ಕೇ ನಿಮ್ ಕೈಲೆಲ್ಲಾ ಹೊಡೆಸ್ದೆ." ನನ್ನ ಕುರ್ಚಿಯ ಬೆನ್ನು ಹಿಡಿದು, "ಏಳಪ್ಪಾ, ಇದೊಂದನ್ನ ನಾನ್ ಹಾಕ್ತೀನಿ" ಎಂದರು.

ಎದ್ದು ಜಾಗ ಕೊಟ್ಟೆ. ಜೋಳ ಹುರಿಯುತ್ತಿದ್ದ ಆ ಕೈ ಒಂದೇ ಬೆರಳು ಚಾಚಿ ಒಂದೊಂದೇ ಕೀಲಿ ಒತ್ತಿತು. ಚುಕ್ಕೆಗಳು ಸಾಲಾಗಿ ಬಂದವು. ಪರದೆಯ ಮೇಲೆ ಕೆಂಪಗೆ ಬಂತು: ಪಾಸ್‌ವರ್ಡ್ ತಪ್ಪು. ಇನ್ನೊಮ್ಮೆ ಒತ್ತಿದರು. ಮತ್ತೆ ತಪ್ಪು. ಅವರ ಕಣ್ಣಿಗೆ ಕೀಬೋರ್ಡು ಕಾಣುತ್ತಿರಲಿಲ್ಲ.

ನಾನು ಅವರ ಕುರ್ಚಿಯ ಹಿಂದೆ ಬಂದು ನಿಂತೆ.

"ಎನ್ ಒತ್ರಿ, ಸರ" ಎಂದೆ. "ಈಗ ಇ. ಇನ್ನೊಂದು ಇ."