ಕಚ್ಚಿದ ಮಾವಿನಕಾಯಿ

ಮುಳಬಾಗಿಲಿನ ಹಲ್ಲಿನ ಡಾಕ್ಟರಮ್ಮನದು ಯಾವಾಗಲೂ ಒಂದೇ ಮಾತು: "ಮಾತ್ರೆ ಆಮೇಲೆ, ಮೊದಲು ಬಾಯಿ ತೆಗೀರಿ." ಹಾಗನ್ನುತ್ತಲೇ ಪುಟ್ಟ ಕನ್ನಡಿಯನ್ನು ಹೆಬ್ಬೆರಳ ಉಗುರಿಗೆ ತಟ್ಟುತ್ತಿದ್ದರು.

ಬೈರಕೂರಿನಲ್ಲಿ ನಮ್ಮಪ್ಪನಿಗೆ ವಸಡು ಊದಿದಾಗಲೆಲ್ಲ ಮೆಡಿಕಲ್ ಅಂಗಡಿಯ ಎರಡು ಕ್ಯಾಪ್ಸೂಲೇ ಗತಿ. ಒಂದನ್ನು ನುಂಗಿ, ಇನ್ನೊಂದನ್ನು ಬಿಚ್ಚಿ ಪುಡಿಯನ್ನು ವಸಡಿಗೆ ತಿಕ್ಕಿ, ನೋವು ಇಳಿದ ಮೇಲೆ ಮರೆತುಬಿಡುತ್ತಿದ್ದರು. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಎಷ್ಟು ನುಂಗಿದರೂ ಊತ ಇಳಿಯಲಿಲ್ಲ. ಹಲ್ಲು ಅಲ್ಲಾಡತೊಡಗಿತು.

"ಎಲ್ಲಾ ಕಿತ್ತಾಕಿಬಿಡಮ್ಮ," ಅಂದರು ಅಪ್ಪ, ಮುಳಬಾಗಿಲಿಗೆ ಹೋಗಿ ಡಾಕ್ಟರಮ್ಮನ ಕುರ್ಚಿಯಲ್ಲಿ ಕೂತು.

"ಅರ್ಧಂಬರ್ಧ ಔಷಧಿ ಹಾಕಿ ಕ್ರಿಮಿಗಳನ್ನ ನೀವೇ ಪಳಗಿಸಿದ್ದೀರ ಯಜಮಾನ್ರೇ. ಈಗ ಅವು ಆ ಮಾತ್ರೆಗೆ ಬಗ್ಗಲ್ಲ. ಕೆರೆದೇ ತೆಗೀಬೇಕು."

ವಾರಕ್ಕೊಮ್ಮೆ ಕೂರಿಸಿಕೊಂಡು ವಸಡಿನಡಿ ಗಾರೆಯಂತೆ ಗಟ್ಟಿಯಾಗಿದ್ದ ಕೊಳೆಯನ್ನೆಲ್ಲ ಕೆರೆದರು. ಇದ್ದಿಲಪುಡಿ ಬಿಡಿಸಿ, ತಮ್ಮೆದುರೇ ಬ್ರಷ್ ಹಿಡಿಸಿದರು.

ಮುಂದಿನ ಮಾವಿನ ಕಾಲಕ್ಕೆ ಅಪ್ಪ ಒಂದು ತೋತಾಪುರಿ ಕಾಯಿ ಹಿಡಿದು ಹೋಗಿ, ಡಾಕ್ಟರಮ್ಮನ ಮುಂದೆ ಕಟಕ್ಕನೆ ಕಚ್ಚಿದರು. ಆವತ್ತು ಅವರು ಬಾಯಿ ತೆಗೀರಿ ಅನ್ನಲಿಲ್ಲ. ಕಾಯಿಯನ್ನೇ ಇಸಿದುಕೊಂಡು ಬೆಳಕಿಗೆ ತಿರುಗಿಸಿದರು. ಕಚ್ಚಿದ ಜಾಗದಲ್ಲಿ ಒಂದು ಹನಿ ರಕ್ತವೂ ಇರಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತು, ಬರೀ ಮಾತ್ರೆ ಬರೆದುಕೊಟ್ಟರೆ ಸಾಕು ಅನ್ನುತ್ತಿದ್ದವನ ಕೈಗೆ ಅದನ್ನಿಟ್ಟು, "ನೋಡ್ಕೊಳಿ," ಅಂದರು. ಕಾಯಿ ಅಲ್ಲಿ ಕಾದು ಕೂತಿದ್ದವರ ಕೈಯಿಂದ ಕೈಗೆ ಹೋಯಿತು. ಅದರ ಹಿಂದೆಯೇ ಅಪ್ಪನೂ ಹೋಗಿ, ಒಬ್ಬೊಬ್ಬರಿಗೂ ಹಲ್ಲು ತೋರಿಸಿದರು.